ಹೊತ್ತು ತಂದವನು

ವೇಕಾ ಹೊಳೆಯ ಕಣಿವೆಯಲ್ಲಿ ಬೀಚ್ ಎಂಬ ಎತ್ತರದ ಮರಗಳ ಕಾಡು ಮುಗಿದು ಹುಲ್ಲುಗಾವಲು ಶುರುವಾಗುವಲ್ಲಿ, ಚಾರಣಿಗರು ರಾತ್ರಿ ಉಳಿಯಲೆಂದು ಕಟ್ಟಿದ ತಗಡು ಹೊದಿಕೆಯ ಒಂದು ಹಟ್ ಇದೆ. ದಕ್ಷಿಣಾರ್ಧಗೋಳದ ಆ ನಾಡಿನಲ್ಲಿ ಜನವರಿಯೆಂದರೆ ರಜೆ, ಬೇಸಿಗೆ. ಆದರೂ ಆ ಶುಕ್ರವಾರ ಸಂಜೆ ದಕ್ಷಿಣದ ಗಾಳಿ ತಿರುಗಿ, ಚಳಿಯ ಮಳೆ ಹಿಡಿದುಕೊಂಡಿತು. ಹೊತ್ತು ಮುಳುಗುವ ಮೊದಲೇ ಕಿಟಕಿಗಳು ಕಪ್ಪಾದವು. ಕೆಳಗೆ ಹೊಳೆಯೂ ದಾರಿಯ ತೊರೆಗಳೂ ಏರುತ್ತಿದ್ದವು. ಬೆಳಗಿನವರೆಗೆ ಯಾರೂ ಇಳಿಯುವ ಹಾಗಿರಲಿಲ್ಲ.

ಒಳಗೆ ಸೌದೆ ಒಲೆ ಉರಿಯುತ್ತಿತ್ತು. ಮೇಲಿನ ತಂತಿಯಲ್ಲಿ ಒದ್ದೆ ಕಾಲುಚೀಲಗಳು ಹಬೆಯಾಡುತ್ತಿದ್ದವು. ಬೇರೆ ದಿನವಾಗಿದ್ದರೆ ಇಸ್ಪೀಟು, ನಗು, ಮೈಲೋ ಪುಡಿ ಕಲಸಿದ ಬಿಸಿ ಹಾಲು ಎಲ್ಲ ಇರುತ್ತಿತ್ತು. ಇವತ್ತು ಅದೊಂದೂ ಇರಲಿಲ್ಲ. ಟ್ಯಾಮ್ಸಿನ್ ಮೂಲೆಯ ಮಂಚದ ಮೇಲೆ ಮಲಗಿದ್ದ ಮಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು.

ಮಗಳು ಹಿನೆಗೆ ಆರು ವರ್ಷ. ಮಧ್ಯಾಹ್ನ ಕಾಡಿನ ದಾರಿಯ ಎರಡನೇ ತಿರುವಿನಲ್ಲಿ ಅವಳು ಒಂದು ಬೇರಿನ ಮೇಲೆ ಕೂತುಬಿಟ್ಟಿದ್ದಳು. "ಅಪ್ಪ ಹೊತ್ಕೊಂಡ್ರೆ ಮಾತ್ರ ಬರೋದು." ಅಪ್ಪ ರೇವಿಯ ಬೆನ್ನ ಮೇಲೆ ಆಗಲೇ ಇಬ್ಬರ ಚೀಲವಿತ್ತು. ಅಣ್ಣ ಇಹಾಕ ಗೊಣಗುತ್ತಿದ್ದ. ಟ್ಯಾಮ್ಸಿನ್‌ಗೆ ರೇಗಿಹೋಯಿತು. "ಹಾಗಾದ್ರೆ ಇಲ್ಲೇ ಇರು. ನಾವು ಹೊರಟ್ವಿ. ಟಾಟಾ!" ಎಂದು ಗಂಡನನ್ನೂ ಮಗನನ್ನೂ ಎಳೆದುಕೊಂಡು ತಿರುವು ದಾಟಿ ನಿಂತಳು. ಐವತ್ತು ಎಣಿಸಿದಳು. ಹಿಂದಿರುಗಿ ಬಂದರೆ ಬೇರಿನ ಮೇಲೆ ಯಾರೂ ಇರಲಿಲ್ಲ.

ಒಂದು ಗಂಟೆ ಕೂಗಿದರು. ರೇವಿ ಹೊಳೆಯ ಕಡೆ ಓಡಿದ. ಹಟ್‌ನಲ್ಲಿ ವೈರ್‌ಲೆಸ್ ರೇಡಿಯೊ ಇದೆ, ಪೊಲೀಸರಿಗೆ ತಿಳಿಸಬಹುದೆಂದು ಟ್ಯಾಮ್ಸಿನ್ ಮಗನ ಕೈ ಹಿಡಿದು ಮೇಲಕ್ಕೆ ಓಡಿಬಂದಳು. ಬಂದರೆ ಹಿನೆ ಜಗುಲಿಯ ಬೆಂಚಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಾಳೆ! ದಾರಿಯಲ್ಲಿ ಎರಡು ತೊರೆಗಳನ್ನು ನೀರಿಗೆ ಕಾಲಿಟ್ಟೇ ದಾಟಬೇಕು. ಮಗುವಿನ ಶೂ ಒದ್ದೆಯೇ ಆಗಿರಲಿಲ್ಲ.

"ಯಾರು ಕರ್ಕೊಂಡು ಬಂದ್ರು ಪುಟ್ಟಿ?"

"ಒದ್ದೆ ಅಂಕಲ್. ಹೆಗಲ ಮೇಲೆ ಕೂರಿಸ್ಕೊಂಡು."

ಆ ಹೊತ್ತಿಗೆ ಮಳೆ ಇನ್ನೂ ಶುರುವಾಗಿರಲಿಲ್ಲ.

ಈಗ ರೇವಿ ಒಲೆಯ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದ. "ರೇಡಿಯೊದಲ್ಲಿ ಹೇಳಿದ್ರೆ ಸಾಲದು, ನಾಳೆ ಇಳಿದ ತಕ್ಷಣ ಪೊಲೀಸ್ರ ಹತ್ರ ಹೋಗ್ತೀನಿ. ಯಾವನೋ ಗೊತ್ತಿಲ್ಲದೋನು ನನ್ನ ಮಗಳನ್ನ ಎತ್ಕೊಂಡು ಹೋಗೋದು ಅಂದ್ರೇನು? ಅವನು ಎಲ್ಲಿದ್ರೂ ಹಿಡೀಬೇಕು."

ಹಟ್ ನೋಡಿಕೊಳ್ಳುವ ಮುದುಕಿ ನೋಲಾ ಅಷ್ಟು ಹೊತ್ತೂ ಹಿನೆಯ ಶೂ ಕೈಯಲ್ಲಿ ಹಿಡಿದು, ಲಾಡಿಯ ಗಂಟನ್ನು ಬೆರಳಿನಿಂದ ಸವರುತ್ತ ಕೂತಿದ್ದಳು. ಎಪ್ಪತ್ತೆಂಟು ವರ್ಷದ ಹೆಂಗಸು. ಗಂಡಸರ ಉಣ್ಣೆ ಕೋಟು, ಕುತ್ತಿಗೆಯಲ್ಲಿ ದಾರ ಕಟ್ಟಿದ ಕನ್ನಡಕ. ಅವಳು ತಲೆ ಎತ್ತಿದಳು.

"ಪೊಲೀಸ್ರು ಅವನನ್ನ ಹಿಡಿದು ಬಹಳ ವರ್ಷ ಆಯ್ತು ಕಣಪ್ಪ. ಹೊಳೆಯಿಂದ ಎತ್ತಿದ್ದೇ ಅವರು."

ಡನೀಡಿನ್ ನಗರದಿಂದ ಒಂಟಿಯಾಗಿ ಬಂದಿದ್ದ ಗ್ಲೆನಿಸ್ ಎಂಬ ನರ್ಸು ಕೈಲಿದ್ದ ಲೋಟ ಕೆಳಗಿಟ್ಟಳು. ರೇವಿ ನಗಲು ನೋಡಿದ. "ಆಂಟಿ, ಮಳೆ ಅಂತ ದೆವ್ವದ ಕತೆ ಹೇಳಿ ಹೆದರಿಸ್ಬೇಡಿ."

"ಹೆದರೋದು ಬಿಡೋದು ನಿನಗೆ ಬಿಟ್ಟಿದ್ದು. ಕೂತ್ಕೊ. ಮಗು ನಿದ್ದೆ ಮಾಡ್ತಿದೆಯಾ? ಸರಿ, ಅದರ ಕಿವಿಗೆ ಬೀಳೋದು ಬೇಡ. ನೀವೆಲ್ಲ ಹತ್ರ ಬನ್ನಿ."

ಎಲ್ಲರೂ ಒಲೆಯ ಸುತ್ತ ಸರಿದು ಕೂತರು. ಟ್ಯಾಮ್ಸಿನ್ ಮಾತ್ರ ಮಂಚದ ಅಂಚು ಬಿಡಲಿಲ್ಲ.

"ಅವನ ಹೆಸರು ಗಾರ್ತ್. ನನ್ನ ಗಂಡ..." ನೋಲಾ ಶೂವನ್ನು ಮಡಿಲಿಗೆ ಇಳಿಸಿಕೊಂಡಳು. "ಮರ ಕೊಯ್ಯೋ ಮಿಲ್ಲಲ್ಲಿ ಕೆಲಸ, ಬಾಗಿಲಲ್ಲಿ ಬಗ್ಗಿ ಬರಬೇಕು ಅಷ್ಟೆತ್ತರ. ಕೆಟ್ಟೋನಲ್ಲ ಕಣ್ರಪ್ಪ, ಅದನ್ನ ಮೊದಲೇ ಹೇಳಿಬಿಡ್ತೀನಿ. ನಮ್ಮ ಮನೆ ಹೊಳೆಯ ಆ ಕಡೆ, ಈಗ ಕಾರು ನಿಲ್ಲಿಸ್ತೀರಲ್ಲ, ಅಲ್ಲೇ ಇತ್ತು. ಆಗ ಸೇತುವೆ ಎಲ್ಲಿಂದ ಬರಬೇಕು, ನೀರಲ್ಲಿ ಇಳಿದೇ ದಾಟೋದು. ನಮಗೊಬ್ಬ ಮಗ, ಕಾಲಿನ್ ಅಂತ, ಆರು ವರ್ಷ. ಅವನಿಗೆ ನೆಲಕ್ಕಿಂತ ಅಪ್ಪನ ಹೆಗಲೇ ಇಷ್ಟ. ಅಂಗಡಿಗೆ ಹೋದ್ರೂ ಹೆಗಲು, ಚರ್ಚಿಗೆ ಹೋದ್ರೂ ಹೆಗಲು. ಮಿಲ್ಲಿನೋರೆಲ್ಲ ಗಾರ್ತ್‌ನನ್ನ ಕುದುರೆ ಅಂತಲೇ ಕರೀತಿದ್ರು.

"ಎಪ್ಪತ್ತೊಂದನೇ ಇಸವಿ, ಹೀಗೇ ಒಂದು ಬೇಸಿಗೆ, ಶನಿವಾರ. ಇದೇ ಹುಲ್ಲುಗಾವಲಿಗೆ ಬುತ್ತಿ ಕಟ್ಕೊಂಡು ಹೊರಟ್ವಿ. ಜೊತೆಗೆ ಮಿಲ್ಲಿನ ಮರ್ರೆ ಅನ್ನೋನು ಬಂದಿದ್ದ, ಬಾಯಿ ಸುಮ್ಮನಿರೋ ಆಸಾಮಿ ಅಲ್ಲ. 'ಏನಯ್ಯಾ ಗಾರ್ತ್, ನಿನ್ನ ಮಗನಿಗೆ ದೇವರು ಕಾಲು ಕೊಡೋದು ಮರೆತನಾ?' ಅಂದ. ಅಷ್ಟೇ ಅಂದಿದ್ದು. ಆದ್ರೆ ಇವನಿಗೆ ಚುಚ್ಚಿಬಿಡ್ತು. ಆ ಎರಡನೇ ತಿರುವಿಗೆ ಬಂದಾಗ ಹುಡುಗ ಬೇರಿನ ಮೇಲೆ ಕೂತು ಎರಡೂ ಕೈ ಎತ್ತಿದ... ಹೀಗೆ... ಎತ್ಕೋ ಅಂತ. ಗಾರ್ತ್ ಏನಂದ ಅಂತ ನಿಮಗೆ ನಾನು ಹೇಳಬೇಕಾ?"

ಟ್ಯಾಮ್ಸಿನ್ ತಲೆ ತಗ್ಗಿಸಿದಳು. ಆ ಮಾತು ಅವಳ ಬಾಯಲ್ಲೇ ಇನ್ನೂ ಕಹಿಯಾಗಿತ್ತು.

"ನಾನು ತಿರುಗಿ ನೋಡೋಕೆ ಹೋದೆ. ಅವನು ನನ್ನ ಮಣಿಕಟ್ಟು ಹಿಡಿದ. 'ನೋಡಬೇಡ, ನೋಡಿದ್ರೆ ಹಟ ಜಾಸ್ತಿ ಆಗತ್ತೆ' ಅಂದ. ನಾನು ನೋಡ್ಲಿಲ್ಲ. ಎಲ್ಲ ತಪ್ಪು ಸತ್ತೋನ ಮೇಲೆ ಹಾಕೋದು ಸುಲಭ, ಆದ್ರೆ ನೋಡದೇ ಇದ್ದೋಳು ನಾನು ತಾನೇ? ತಿರುವಿನ ಈಚೆ ಮೂರೂ ಜನ ನಿಂತಿದ್ದೀವಿ, ಆ ಕಡೆ ಹುಡುಗ ಅಳ್ತಿದ್ದಾನೆ, ಅಳ್ತಿದ್ದಾನೆ... ಆಮೇಲೆ ಅಳು ನಿಂತೋಯ್ತು. ಗೆದ್ವಿ ಅಂದ್ಕೊಂಡ್ವಿ. ಮೂರೂ ಜನ ಮುಖ ಮುಖ ನೋಡ್ಕೊಂಡು ನಕ್ವಿ ಕಣ್ರಪ್ಪ... ಅಳು ನಿಂತಾಗ ನಾವು ನಕ್ವಿ."

ಒಲೆಯಲ್ಲಿ ಒಂದು ಕೊಳ್ಳಿ ಕುಸಿಯಿತು. ಅದನ್ನು ಸರಿಮಾಡಲು ಯಾರೂ ಏಳಲಿಲ್ಲ.

"ಹನ್ನೊಂದು ದಿನ ಹುಡುಕಿದ್ರು. ನೂರು ಜನ, ನಾಯಿಗಳು, ಒಂದು ದಿನ ಹೆಲಿಕಾಪ್ಟರೂ ಬಂತು. ಅಂಗಿಯ ಒಂದು ಗುಂಡಿ ಕೂಡ ಸಿಗ್ಲಿಲ್ಲ. ಎಲ್ಲರೂ ಇಳಿದುಹೋದ ಮೇಲೆ ಗಾರ್ತ್ ಒಬ್ಬನೇ ಹುಡುಕೋದು ಬಿಡ್ಲಿಲ್ಲ. ಪ್ರತಿ ಶನಿವಾರ ಮಿಲ್ಲು ಮುಗಿಸಿ ಹತ್ತೋನು. ದಾರೀಲಿ ಯಾವ ಮಗು ಕಂಡ್ರೂ ಮೊಣಕಾಲೂರಿ ಕೂತು, ಶೂ ಲಾಡಿ ಬಿಚ್ಚಿದ್ರೆ ಕಟ್ಟಿ, 'ನಿನ್ನ ಹೆಸರೇನು ಕಂದಾ?' ಅಂತ ಕೇಳೋನು. ಪಾಪ, ಜನಕ್ಕೆ ಹೆದರಿಕೆ ಆಗದೇ ಇರತ್ತಾ? ಮಕ್ಕಳನ್ನ ಎಳ್ಕೊಂಡು ಓಡೋರು. ಮುಂದಿನ ಚಳಿಗಾಲದಲ್ಲಿ ಹೊಳೆ ತುಂಬಿ ಬಂದಿತ್ತು, ಬೇಡ ಅಂದ್ರೂ ಕೇಳ್ಲಿಲ್ಲ, ಹೋದ. ಮೂರು ದಿನ ಆದ ಮೇಲೆ ಪೊಲೀಸ್ರು ಎತ್ತಿ ತಂದ್ರು. ಎರಡೂ ಕೈ ಹೀಗೆ ಕುತ್ತಿಗೆಯ ಅಕ್ಕಪಕ್ಕ ಮೇಲಕ್ಕೆ ಸೆಟೆದುಕೊಂಡಿದ್ವು... ಹೆಗಲ ಮೇಲೆ ಕೂತ ಮಗುವಿನ ಕಾಲು ಹಿಡ್ಕೊಳ್ತೀವಲ್ಲ, ಹಾಗೆ. ಎಷ್ಟು ಜನ ಸೇರಿದ್ರೂ ಇಳಿಸೋಕೆ ಆಗ್ಲಿಲ್ಲ. ಹೆಣದ ಪೆಟ್ಟಿಗೆ ಅಗಲ ಮಾಡಿಸಿದ್ವಿ."

ರೇವಿ ಈಗ ನಗುತ್ತಿರಲಿಲ್ಲ. ಇಹಾಕನನ್ನು ಹತ್ತಿರಕ್ಕೆ ಎಳೆದುಕೊಂಡ.

"ನಾನು ಊರಲ್ಲಿ ಇರಲಾರದೆ ಈ ಹಟ್‌ಗೆ ಬಂದೆ. ನಾಲ್ಕನೇ ಬೇಸಿಗೆ, ಒಂದು ಮಧ್ಯಾಹ್ನ. ಬಿಸಿಲು ಅಂದ್ರೆ ಬಿಸಿಲು. ಒಬ್ಬ ಮೇಷ್ಟ್ರ ಮಗಳು, ಅಪ್ಪ ಅಮ್ಮನಿಗಿಂತ ಮುಂಚೆ ಜಗುಲಿ ಮೇಲೆ ಕೂತಿದ್ದಾಳೆ. ಒದ್ದೆ ಅಂಕಲ್ ತಂದ್ರು ಅಂದ್ಲು. ಲಾಡಿ ನೋಡಿದೆ. ಎರಡು ಸುತ್ತಿನ ಗಂಟು, ತುದಿ ಒಳಕ್ಕೆ ಸೇರಿಸಿದ್ದು. ಗಾರ್ತ್ ಗಂಟು. ಮಗು ಕೈ ತೋರಿಸಿದ ಹೊರಗಿನ ಸೌದೆ ಕೊಟ್ಟಿಗೆ ಕಡೆ ಓಡಿದೆ. ಕಾಣಿಸ್ಲಿಲ್ಲ... ಯಾವತ್ತೂ ಕಾಣಿಸಿಲ್ಲ. ಆದ್ರೆ ಆ ಉರಿಬಿಸಿಲಲ್ಲಿ ಕೊಟ್ಟಿಗೆ ಒಳಗೆ ನೀರು ತೊಟ್ಟಿಕ್ತಾ ಇತ್ತು. ಟಪ್... ಟಪ್... ನನಗೆ ಏನು ಮಾತಾಡಬೇಕೋ ತೋಚಲಿಲ್ಲ. ಒಳಗೆ ಬಂದು ಬಾಗಿಲು ಹಾಕ್ಕೊಂಡೆ. ಬೆಳಗ್ಗೆ ಎದ್ದು ನೋಡಿದ್ರೆ ಮಗುವಿನ ಹಾಸಿಗೆ ಖಾಲಿ. ಅವರಪ್ಪ ಎಲ್ಲರಿಗಿಂತ ಮುಂಚೆ ಓಡಿದ, ಪುಣ್ಯಾತ್ಮ. ಹೊಳೆ ದಾಟೋ ಜಾಗದಲ್ಲಿ ಸೊಂಟದ ಮಟ್ಟ ನೀರಲ್ಲಿತ್ತು ಮಗು, ಮುಂದೆ ಮುಂದೆ ಹೋಗ್ತಾ. 'ಅಂಕಲ್ ಮನೆಗೆ ಹೋಗೋಣ ಅಂದ್ರು' ಅಂತು.

"ಆಗ ಅರ್ಥ ಆಯ್ತು ನನಗೆ. ಅವನು ಮಗೂನ ನನಗೆ ತೋರಿಸೋಕೆ ತರ್ತಾನೆ. ತಂದು, ನಾನು ಏನು ಹೇಳ್ತೀನೋ ಅಂತ ಹೊರಗೆ ಕಾಯ್ತಾನೆ. ನಾನು ಬಾಯಿ ಬಿಡದೇ ಇದ್ರೆ, ಓ ಇದೇ ನಮ್ಮ ಮಗು ಅಂದ್ಕೊಂಡು ಮನೆಗೆ ಕರ್ಕೊಂಡು ಹೊರಡ್ತಾನೆ. ಅಂದಿನಿಂದ ಅವನು ಯಾವ ಮಗು ತಂದ್ರೂ ಹೊರಗೆ ಹೋಗಿ, 'ಇದಲ್ಲ ಗಾರ್ತ್, ನಮ್ಮದು ಇದಲ್ಲ' ಅಂತೀನಿ. ಹೋಗ್ತಾನೆ. ಮೊದಮೊದಲು ಒಂದೇ ಮಾತಿಗೆ ಹೋಗೋನು. ಈಗ ನನ್ನ ದನಿ ಮುದಿಯಾಯ್ತಲ್ಲ, ಗುರುತು ಸಿಗಲ್ವೋ ಏನೋ. ಹೋದ ವರ್ಷ ಮೂರು ಸಲ ಹೇಳಬೇಕಾಯ್ತು."

"ಇವತ್ತು?" ಗ್ಲೆನಿಸ್ ಪಿಸುಗುಟ್ಟಿದಳು.

"ಇವತ್ತು ಮೂರು ಗಂಟೆಯಿಂದ ಐದು ಸಲ ಹೋಗಿ ಬಂದೆ," ಎಂದಳು ನೋಲಾ. "ಇನ್ನೂ ಅಲ್ಲೇ ಇದ್ದಾನೆ."

ಟ್ಯಾಮ್ಸಿನ್ ಕೈಯ ಕೆಳಗೆ ಏನೋ ಅಲುಗಿತು. ಹಿನೆ ಎದ್ದು ಕೂತಿದ್ದಳು. ಕಣ್ಣು ಮುಚ್ಚಿಯೇ ಇತ್ತು. ಕಾಲುಗಳನ್ನು ಮಂಚದಿಂದ ಕೆಳಗಿಳಿಸಿ, ಬರಿ ಪಾದದಿಂದ ನೆಲದ ಮೇಲೆ ಶೂ ತಡಕುತ್ತಿದ್ದಳು. ಆಮೇಲೆ ನಿಧಾನವಾಗಿ ಎರಡೂ ಕೈ ಮೇಲೆತ್ತಿದಳು.

ಟ್ಯಾಮ್ಸಿನ್ ಚೀರಲಿಲ್ಲ. ಮಗಳನ್ನು ಎತ್ತಿ ಗಂಡನ ತೋಳಿಗೆ ಕೊಟ್ಟು, "ಬಿಡಬೇಡ. ಏನೇ ಆದ್ರೂ ಬಿಡಬೇಡ," ಎಂದಳು. ಸೀದಾ ಹೋಗಿ ಬಾಗಿಲ ಚಿಲಕ ತೆಗೆದಳು. ನೋಲಾ ಗೋಡೆ ಹಿಡಿದುಕೊಂಡು ಅವಳ ಹಿಂದೆ ಬಂದಳು.

ಜಗುಲಿಯ ಆಚೆ ಮಳೆ ಗೋಡೆಯ ಹಾಗೆ ನಿಂತಿತ್ತು. ಸೌದೆ ಕೊಟ್ಟಿಗೆ ಒಂದು ಕಪ್ಪು ಗುಪ್ಪೆಯಂತೆ ಕಾಣುತ್ತಿತ್ತು.

"ಗಾರ್ತ್," ನೋಲಾ ಕರೆದಳು. "ಇದಲ್ಲ. ನಮ್ಮದು ಇದಲ್ಲ."

ಏನೂ ಆಗಲಿಲ್ಲ. ಒಳಗಿನಿಂದ, "ಬಿಡು... ಬಿಡಪ್ಪ..." ಎಂದು ನಿದ್ದೆಗಣ್ಣಿನಲ್ಲೇ ಕೊಸರಾಡುವ ಹಿನೆಯ ದನಿ ಕೇಳಿತು.

ಟ್ಯಾಮ್ಸಿನ್ ಮೆಟ್ಟಿಲಿಳಿದು ಮಳೆಯಲ್ಲಿ ನಿಂತಳು. ಹೆದರಿಕೆಗಿಂತ ದೊಡ್ಡದೊಂದು ನಾಚಿಕೆ ಅವಳನ್ನು ಮುಂದಕ್ಕೆ ತಳ್ಳಿತು.

"ಗಾರ್ತ್, ನಾನು ಆ ಮಗುವಿನ ಅಮ್ಮ. ಬಿಟ್ಟು ಹೋದೋಳು ನಾನೇ. ತಿರುಗಿ ನೋಡ್ಲಿಲ್ಲ. ತಪ್ಪಾಯ್ತು... ನೀನು ಜೋಪಾನವಾಗಿ ಹೊತ್ತು ತಂದೆ. ಆದ್ರೆ ಅವಳು ಕಾಲಿನ್ ಅಲ್ಲಪ್ಪ. ಅವಳು ಹಿನೆ. ನನ್ನವಳು. ನಾನು ಬಂದಿದ್ದೀನಿ ನೋಡು, ಅವಳಿಗೋಸ್ಕರ ವಾಪಸ್ ಬಂದಿದ್ದೀನಿ."

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ಅವಳಿಗೆ ತಿಳಿಯಲಿಲ್ಲ. ಕೊಟ್ಟಿಗೆಯ ಮುಂದಿನ ಜಲ್ಲಿಕಲ್ಲಿನ ಮೇಲೆ ಭಾರವಾದ ಒಂದು ಹೆಜ್ಜೆ ಬಿತ್ತು. ಇನ್ನೊಂದು. ಆಮೇಲೆ ಒಂದರ ಹಿಂದೊಂದು, ಅವಸರವಿಲ್ಲದೆ, ಅವಳ ಪಕ್ಕದಲ್ಲೇ ಹಾದು, ಕಾಡಿನ ದಾರಿ ಹಿಡಿದು ಕೆಳಗಿಳಿದವು. ಮಳೆಗಿಂತ ತಣ್ಣಗಿನದೊಂದು ಗಾಳಿ ಅವಳ ಕೆನ್ನೆಗೆ ತಾಗಿ ಹೋಯಿತು. ಒಳಗೆ ಹಿನೆ ಎಚ್ಚರವಾಗಿ, ದೊಡ್ಡದಾಗಿ ಅಳತೊಡಗಿದಳು. ಆ ಅಳು ಕೇಳಿ ಟ್ಯಾಮ್ಸಿನ್‌ಗೆ ಉಸಿರು ಬಂತು.

ನೋಲಾ ಜಗುಲಿಯ ಕಂಬಕ್ಕೆ ಒರಗಿ ನಿಂತು, ಕನ್ನಡಕ ಒರೆಸಿಕೊಳ್ಳುತ್ತ ಕತ್ತಲ ಕಡೆ ನೋಡುತ್ತಿದ್ದಳು.

"ಹೋದ... ಆ ತಿರುವಿಗೇ ಹೋದ," ಎಂದಳು. ಕನ್ನಡಕ ಮತ್ತೆ ಹಾಕಿಕೊಂಡು, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ನಾಳೆ ಶನಿವಾರ ಬೇರೆ. ಮಳೆ ನಿಂತ್ರೆ, ಮಕ್ಕಳನ್ನ ಕರ್ಕೊಂಡು ಬೇಕಾದಷ್ಟು ಜನ ಬರ್ತಾರೆ."