ಮೈಕಿನಲ್ಲಿ ಹೇಳದ ಮಾತು

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಕಾಯುತ್ತಿದ್ದ ಮೇಷ್ಟ್ರಿಗೆ ತಮ್ಮ ಹಲ್ಲುನೋವೇ ಮರೆತುಹೋಯಿತು. ಎದುರು ಬೆಂಚಿನಲ್ಲಿ ಟೈಲರೊಬ್ಬ ಊದಿದ ಕೆನ್ನೆ ಹಿಡಿದು ಕೂತಿದ್ದ. ಪಕ್ಕದಲ್ಲಿ ಅವನ ಅತ್ತಿಗೆ.

“ಹೊಸ ಅಂಗಡಿ ಶುರುವಾದ ದಿನ ಮೈಕ್ ಹಿಡ್ಕೊಂಡು ನನ್ನ ತೋರಿಸಿ ಏನಂದೆ?” ಎಂದವಳೇ ಮೈದುನನ ದನಿಯನ್ನೇ ಅಣಕಿಸಿದಳು: “‘ಇವರು ನಮ್ಮ ಹೆಲ್ಪರ್ರು!’”

“ಹೆಲ್ಪ್ ಮಾಡೋರನ್ನ ಇನ್ನೇನನ್ನಲಿ ಅತ್ತಿಗೆ?”

“ಗುಂಡಿ ಹಚ್ಚಿಕೊಡೋದು ಹೆಲ್ಪು. ಅಳತೆ ತಗೊಳ್ಳೋದು, ಬಟ್ಟೆ ಕತ್ತರಿಸೋದು ಯಾರು? ನಿನಗೆ ಹೊಲಿಗೆ ಕಲಿಸಿದ್ದು ಯಾರು?”

“ನೀವೇ. ಅಸಿಸ್ಟೆಂಟ್ ಅನ್ನಬೇಕಿತ್ತೇನೋ.”

“ಅಬ್ಬಾ, ಬಡ್ತಿ ಬೇರೆ! ನಿಮ್ಮಣ್ಣ ಹೋದಮೇಲೆ ‘ಇನ್ನು ನಾವಿಬ್ಬರೂ ಪಾರ್ಟ್ನರ್ಸ್’ ಅಂದವನು ನೀನೇ. ಆ ಮಾತು ನಂಬಿ ತವರಿಗೆ ಹೋಗದೆ ಉಳಿದೆ.”

“ಅದು ಮನೆಯೊಳಗಿನ ಮಾತು. ಜನರೆದುರಿಗೆ…”

ನರ್ಸ್ ಬಾಗಿಲು ತೆರೆದಳು. “ಹಲ್ಲು ತೆಗೆಸೋರ ಜೊತೆ ಯಾರಿದೀರಿ?”

ಟೈಲರ್ ಥಟ್ಟನೆ ಅತ್ತಿಗೆಯ ಕಡೆ ಕೈ ತೋರಿಸಿದ. “ಇವರು! ನಮ್ಮ ಪಾರ್ಟ್ನರ್.”

“ಇಲ್ಲಿ ಮೈಕ್ ಇಲ್ಲವಲ್ಲೋ,” ಎಂದಳು ಅತ್ತಿಗೆ. ಅಂಗಡಿಯ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿ, ತನ್ನ ಕತ್ತರಿಯಿದ್ದ ಚೀಲವನ್ನು ಹೆಗಲಿಗೇರಿಸಿ ಹೊರಟಳು.

ಟೈಲರ್ ಕೆನ್ನೆ ಹಿಡಿದುಕೊಂಡು ಒಬ್ಬನೇ ಒಳಗೆ ಹೋದ.