ಮುಚ್ಚಳ ತೆಗೆಯದ ಮೇಡಂ

ಎಲ್ಲರಿಗೂ ನಮಸ್ಕಾರ. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುತ್ತಿದ್ದ ನಮ್ಮ ಮೇಡಂ ಏಕಾಏಕಿ ತೀರಿಹೋದರು. ಅವರ ಯಜಮಾನರಿಗೆ, ತಂಗಿಗೆ, ಮಕ್ಕಳನ್ನು ಕರೆದುಕೊಂಡು ಬಂದಿರುವ ತಂದೆತಾಯಿಯರಿಗೆ — ಏನು ಹೇಳಿ ಸಮಾಧಾನ ಮಾಡಬೇಕೋ ತಿಳಿಯುತ್ತಿಲ್ಲ. ನಾನು ಪಕ್ಕದ ಕೋಣೆಯವನು, ಮಕ್ಕಳ ಕೈಕಾಲಿಗೆ ವ್ಯಾಯಾಮ ಮಾಡಿಸುವವನು. ಮಾತು ನನ್ನ ಕೆಲಸವಲ್ಲ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಿಬ್ಬರ ನಡುವೆ ಒಂದು ಪ್ಲೈವುಡ್ ಗೋಡೆ. ನನ್ನ ಕಡೆ ಚೆಂಡು ಉರುಳುವುದು, ಮಕ್ಕಳು ಕಿರುಚುವುದು — ಬರೀ ಸಂತೆ. ಆ ಕಡೆ, ಮಾತು ಕಲಿಸುವ ಕೋಣೆಯಲ್ಲಿ — ಸದ್ದೇ ಇಲ್ಲ. ಇವರು ಒಳಗೆ ಮಾಡುವುದಾದರೂ ಏನು? ತಡೆಯಲಾರದೆ ಒಂದು ದಿನ ಬಾಗಿಲ ಗಾಜಿನಲ್ಲಿ ಇಣುಕಿದೆ.

ಮೇಜಿನ ಮೇಲೆ ಸೋಪಿನ ಗುಳ್ಳೆ ಊದುವ ಬಾಟಲಿ. ಮುಚ್ಚಳ ಬಿಗಿ. ಪುಟ್ಟಿ — ಮುಂದಿನ ಸಾಲಿನಲ್ಲಿ ಅಮ್ಮನ ತೊಡೆಯ ಮೇಲಿದ್ದಾಳಲ್ಲ, ಅವಳೇ — ತಿರುಗಿಸುತ್ತಾಳೆ, ಕುಟ್ಟುತ್ತಾಳೆ, ಕಚ್ಚುತ್ತಾಳೆ. ಮೇಡಂ ಮಾತ್ರ ಹೀಗೆ — ಕೈಕಟ್ಟಿ, ಹುಬ್ಬೆತ್ತಿ, ಕೂತೇ ಇದ್ದಾರೆ. ನನ್ನ ಪಕ್ಕ ನಿಂತಿದ್ದ ಪುಟ್ಟಿಯ ಅಜ್ಜಿ ಗೊಣಗಿದರು: "ಅಷ್ಟೆಲ್ಲ ಓದಿದ್ದಾರಂತೆ, ಒಂದು ಮುಚ್ಚಳ ತೆಗೆಯೋಕೆ ಬರಲ್ವಾ?"

ಕೊನೆಗೆ ಪುಟ್ಟಿ ಮೇಡಂ ಕೈ ಎಳೆದು ಮುಚ್ಚಳದ ಮೇಲಿಟ್ಟಳು. ಮುಖ ನೋಡಿದಳು. "ತೆಗೀಬೇಕಾ? ತೆಗೆದೆ" ಅಂದರು ಮೇಡಂ. ಕೋಣೆ ತುಂಬ ಗುಳ್ಳೆ.

ಆಮೇಲೆ ಕೇಳಿದೆ, "ಅವಳು ಏನೂ ಹೇಳಲೇ ಇಲ್ವಲ್ಲ?"

"ಹೇಳಿದಳಲ್ಲ ಸಾರ್, ಕೈಯಲ್ಲಿ. ಅದನ್ನ ನಾವು ಕೇಳಿಸಿಕೊಂಡರೆ ತಾನೇ ಅವಳಿಗೆ ಮತ್ತೆ ಹೇಳೋ ಆಸೆ ಬರೋದು?"

"ಎಷ್ಟು ಹೊತ್ತು ಕಾಯಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ಮುಖ ನೋಡ್ತೀನಿ. ಇನ್ನೂ ಯೋಚಿಸ್ತಿದ್ರೆ ಕಾಯ್ತೀನಿ. ಅಳು ಬರೋ ಹಾಗಿದ್ರೆ ತೆಗೆದುಬಿಡ್ತೀನಿ. ಮಗೂನ ಕಾಡಿಸೋ ಆಟ ಅಲ್ಲ ಇದು."

ಅವತ್ತಿನಿಂದ ನನಗೆ ಇಣುಕುವ ಚಟ ಹತ್ತಿತು. ಒಬ್ಬ ಹುಡುಗ ಚಿತ್ರ ತೋರಿಸಿ ಕೇಳುತ್ತಿದ್ದ. ಇನ್ನೊಬ್ಬಳು ರಾಗ ಎಳೆದು ಕೇಳುತ್ತಿದ್ದಳು. ಪುಟ್ಟಿ ಇನ್ನೂ ಕೈ ಹಿಡಿದೇ ಕೇಳುತ್ತಾಳೆ; ಈಚೆಗೆ ಅದರ ಜೊತೆ "ತ" ಅಂತ ಒಂದು ಸಣ್ಣ ಸದ್ದು ಸೇರಿದೆ. ಅದನ್ನು ಕೇಳಿದ ದಿನ ಮೇಡಂ ಗೋಡೆ ಬಡಿದು ನನ್ನನ್ನು ಕರೆದಿದ್ದರು.

ಈಗ ಒಳಗೆ ಬರುವಾಗ ಪುಟ್ಟಿಯ ಅಮ್ಮ ಕೇಳಿದರು, "ಇನ್ನು ನನ್ನ ಮಗಳಿಗೋಸ್ಕರ ಯಾರು ಸಾರ್ ಕಾಯ್ತಾರೆ?" ಹೊಸಬರು ಬರುತ್ತಾರೆ, ಬರಲೇಬೇಕು. ಅಲ್ಲಿಯವರೆಗೆ — ಅಮ್ಮಾ, ನಾವಿಷ್ಟು ಜನ ಇದ್ದೇವೆ. ಇವತ್ತೇ ಶುರು ಮಾಡುತ್ತೇವೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಸುಮ್ಮನಿರೋಣ — ದೊಡ್ಡವರು ಮಾತ್ರ. ನಡುವೆ ಯಾವ ಮಗು ಸದ್ದು ಮಾಡಿದರೂ ಯಾರೂ "ಶ್" ಅನ್ನಬೇಡಿ. ಮೇಡಂ ಇದ್ದಿದ್ದರೆ ಆ ಸದ್ದಿಗೇ ಕಾಯುತ್ತಿದ್ದರು.