ಸಾಲು ಹೇಳಿಕೊಡುವವಳು

ದೂರದ ಅಮೆರಿಕದ ಒಂದು ನೂಲಿನ ಗಿರಣಿಯ ಊರಲ್ಲಿ ಒಬ್ಬ ಹಾಡುಗಾರನಿದ್ದ. ಕಂಠ ಎಂದರೆ ಕಂಠ! ಅವನು ಬಾಯಿ ತೆರೆದರೆ ಮಿಕ್ಕವರೆಲ್ಲ ಬಾಯಿ ಮುಚ್ಚಬೇಕು. ಅದೇ ಅವನಿಗೆ ಮರ್ಯಾದೆ.

ಆ ವರ್ಷ ಯಜಮಾನ ಕೂಲಿ ಇಳಿಸಿದನೆಂದು ಗಿರಣಿಯ ಕೆಲಸಗಾರರು ಮುಷ್ಕರ ಹೂಡಿದರು. ಅವರ ಜೊತೆ ನಿಲ್ಲಲು ಒಬ್ಬ ಹಾಡುಗಾರ್ತಿ ಬಂದಳು. ಚಿಕ್ಕಂದಿನಲ್ಲೇ ನೂಲು ತೆಗೆದವಳು, ಊರೂರು ಅಲೆದು ಜನಪದ ಹಾಡು ಕಲಿತವಳು, ದುಡಿಯುವವರ ಪರ ಹಾಡಿ ನಾಲ್ಕು ಸಲ ಜೈಲು ಕಂಡವಳು. ಧ್ವನಿ? ಒಡಕಲು. ಆದರೆ ನೋಡಿ, ಅವಳದೊಂದು ಪದ್ಧತಿ. ಪ್ರತಿ ಸಾಲನ್ನೂ ಮೊದಲು ಮಾತಿನಲ್ಲಿ ಹೇಳಿಕೊಡುವಳು. ಜನ ಗಿರಣಿ ಬಾಗಿಲಿಗೆ ಅಡ್ಡವಾಗಿ ಕೈಗೆ ಕೈ ಹೆಣೆದು ನಿಂತು ಹಾಡುವರು. ಅವರು ಎತ್ತಿಕೊಂಡ ಮೇಲೆ ಇವಳು ಸುಮ್ಮನೆ ಗಿಟಾರಿನ ತಂತಿ ಮೀಟುತ್ತ ನಿಲ್ಲುವಳು.

ನಮ್ಮ ಹಾಡುಗಾರನಿಗೆ ಹೊಟ್ಟೆಯೊಳಗೆ ಬೆಂಕಿ. ಹಾಡುವವರು ಜನ, ಹೆಸರು ಇವಳಿಗೆ! ಒಲೆಯ ಮುಂದೆ ಹೆಂಡತಿಯೂ ಆ ಹಾಡನ್ನೇ ಗುನುಗಿದಾಗ ತಟ್ಟೆ ತಳ್ಳಿ ಎದ್ದ.

"ನನ್ ಹಾಡು ಒಂದಿನಾನಾರ ನಿನ್ ಬಾಯಾಗೆ ಬಂದೈತೇನೆ?"

"ಹಾಡಕ್ಕೆ ನೀವು ಬಿಟ್ರಲ್ವಾ?"

ಒಂದು ಬೆಳಿಗ್ಗೆ ಪೊಲೀಸರು ಹಾಡುಗಾರ್ತಿಯನ್ನು ಹಿಡಿದೊಯ್ದರು. ಮುಷ್ಕರದವರ ಬದಲು ದುಡಿಯಲು ಹೊರಗಿನ ಆಳುಗಳನ್ನು ತುಂಬಿದ ಲಾರಿ ಗಿರಣಿ ಬಾಗಿಲಿಗೆ ಬಂತು. ಅದು ಒಳಹೊಕ್ಕರೆ ಮುಷ್ಕರ ಮುರಿದಂತೆಯೇ. ಹಾಡುಗಾರನಿಗೋ ಒಳಗೊಳಗೇ ಹಿಗ್ಗು: ಬಂತು ನನ್ನ ಸರದಿ! ಕಲ್ಲುಕಟ್ಟೆ ಹತ್ತಿ ಹಾಡಿದ. ಎಂಥ ಹಾಡು! ಜನ ಮೈಮರೆತರು. ಮೈಮರೆತು ಏನು ಮಾಡಿದರು? ಹೆಣೆದ ಕೈ ಬಿಟ್ಟರು. ಲಾರಿ ಮುಂದಕ್ಕೆ ತೆವಳಿತು.

ಒಬ್ಬ ಮುದುಕಿ ಕೂಗಿದಳು: "ಏನ್ ಚೆಂದಾಗ್ ಹಾಡ್ತೀಯಪ್ಪಾ, ನಾವೆಲ್ಲ ಬೊಂಬೆ ಆಗೋದ್ವಿ! ಲಾರಿ ಒಳೀಕ್ ಹೋಗ್ತೈತೆ, ಸಾಲು ಹೇಳ್ಕೊಡಪ್ಪೋ!"

ಆಗ ನೋಡಿದ. ಇಷ್ಟು ದಿನ ಬಯಸಿದ್ದ ಮೌನ ಎದುರಿಗೇ ಇತ್ತು. ಗಿರಣಿ ಯಜಮಾನನಿಗೆ ಬೇಕಾದದ್ದೂ ಅದೇ ಮೌನ! ಹಾಡು ನಡುವೆಯೇ ನಿಲ್ಲಿಸಿದ. ಹಾಡುಗಾರ್ತಿಯ ಹಾಡಿನ ಮೊದಲ ಸಾಲನ್ನು ಮಾತಿನಲ್ಲಿ ಹೇಳಿಕೊಟ್ಟ. ನೂರು ಗಂಟಲು ಎದ್ದವು, ಇವನ ಗಂಟಲು ಅದರಲ್ಲಿ ಮುಳುಗಿಹೋಯಿತು. ಕೈಗಳು ಹೆಣೆದುಕೊಂಡವು. ಲಾರಿ ನಿಂತಿತು.

ಅವನ ಹೊಟ್ಟೆಕಿಚ್ಚು ಹೋಯಿತೇ? ಇಲ್ಲ, ಸುಳ್ಳು ಹೇಳಲಾರೆ. ಪ್ರತಿ ಸಾಲಿಗೂ ನಾಲಿಗೆ ಕಹಿಯಾಗುತ್ತಿತ್ತು. ಕಹಿ ನುಂಗಿಕೊಂಡೇ ಹೇಳಿಕೊಟ್ಟ.

ಈ ಕಹಿ ನಿಮ್ಮಲ್ಲಿ ಯಾರಿಗಿಲ್ಲ ಹೇಳಿ? ಭಜನೆಯಲ್ಲಿ ತಾಳ ಬಿಟ್ಟುಕೊಡದ ಯಜಮಾನರೇ, ಸೊಸೆಯ ಸಾರನ್ನು ನೆಂಟರು ಹೊಗಳಿದರೆ ಮುಖ ತಿರುಗಿಸುವ ತಾಯಂದಿರೇ, ನಿಮಗೇ ಹೇಳುತ್ತಿದ್ದೇನೆ. ಹೊಟ್ಟೆಕಿಚ್ಚು ಹೋಗಲಿ, ಆಮೇಲೆ ಒಳ್ಳೆಯವರಾಗೋಣ ಎಂದು ಕಾಯಬೇಡಿ. ಅದು ಇರುವಾಗಲೇ, ಇವತ್ತೇ ಮನೆಗೆ ಹೋಗಿ, "ಅದನ್ನ ಹೆಂಗ್ ಮಾಡ್ದೆ? ನನಗೂ ಹೇಳ್ಕೊಡವ್ವಾ" ಎಂದು ನಾಲ್ಕು ಜನರ ಎದುರಿಗೆ ಕೇಳಿ.